ಮಕ್ಕಳಿಗೆ ಹೊಡೆಯೋದು: ಪೂರ್ತಿ ನಿಷೇಧವೋ, ಮಿತಿಯೋ?

ಹಾಲು ಚೆಲ್ಲಿದ ಮಗುವಿನ ಮೇಲೆ ಕೈ ಎತ್ತುವಾಗ ಕಾನೂನು ಯಾರಿಗೂ ನೆನಪಾಗುವುದಿಲ್ಲ. ಹಾಗಿದ್ದರೂ ಅದು ಏನು ಹೇಳಬೇಕು? ದಾರಿ ಎರಡಿವೆ.

ಒಂದು, ಕೆನಡಾದ ದಾರಿ. ತಿದ್ದುವುದಕ್ಕೆ ಹದವಾಗಿ ಹೊಡೆದರೆ ತಪ್ಪಲ್ಲ. 2004ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಗೆರೆ ಎಳೆಯಿತು: 2 ವರ್ಷದೊಳಗಿನ ಕೂಸಿಗೆ, ಹದಿಹರೆಯದವರಿಗೆ ಹೊಡೆಯುವಂತಿಲ್ಲ. ಬೆಲ್ಟು, ಕೋಲು ಬೇಡ. ತಲೆಗೆ, ಮುಖಕ್ಕೆ ಬೇಡ. ಕೇಳೋಕೆ ಸರಿ ಅನಿಸುತ್ತೆ, ಅಲ್ವಾ? ಆದರೆ ಸಿಟ್ಟು ನೆತ್ತಿಗೇರಿದಾಗ ಹದ ಅಳೆಯುವವರು ಯಾರು?

ಇನ್ನೊಂದು, ಸ್ವೀಡನ್ ದಾರಿ. 1979ರಲ್ಲಿ ಪೂರ್ತಿ ನಿಷೇಧಿಸಿದ ಮೊದಲ ದೇಶ ಅದು. ನಿಯಮ ಬರೆದು ಸುಮ್ನೆ ಕೂರಲಿಲ್ಲ, ಹಾಲಿನ ಪ್ಯಾಕೆಟ್ ಮೇಲೂ ವಿಷಯ ಅಚ್ಚು ಹಾಕಿಸಿದರು. ಬೆಳಗಿನ ತಿಂಡಿ ಹೊತ್ತಿಗೆ ಅಪ್ಪ, ಅಮ್ಮ, ಮಗು ಎಲ್ಲರೂ ಓದಲಿ ಅಂತ. ಆ ನಿಷೇಧದ ನಿಯಮದಲ್ಲಿ ಬೇರೆ ಶಿಕ್ಷೆಯನ್ನೇ ಇಡಲಿಲ್ಲ. ಜೋರಾಗಿ ಹೊಡೆದರೆ ಹಲ್ಲೆಯ ಕಾನೂನು ಹೇಗೂ ಇತ್ತು.

ನಿಷೇಧಕ್ಕೆ ಜನರ ವಿರೋಧ ಜಾಸ್ತಿ, ನಿಜ. ನ್ಯೂಜಿಲೆಂಡ್ 2007ರಲ್ಲಿ ಕಾನೂನು ಬದಲಿಸಿತು. 2009ರ ಜನಮತದಲ್ಲಿ ಸುಮಾರು 87% ಜನ ಹೊಡೆತ ಅಪರಾಧವಾಗಬಾರದು ಅಂದರು. ಕಾನೂನು ಉಳಿಯಿತು. ತೀರಾ ಚಿಕ್ಕ ಪ್ರಕರಣವಾದರೆ ಕೇಸ್ ಹಾಕದೆ ಬಿಡುವ ಅವಕಾಶ ಪೊಲೀಸರಿಗಿದೆ.

ಒಂದೇಟಿಗೆ ಅಪ್ಪನನ್ನು ಜೈಲಿಗೆ ಕಳಿಸಿದರೆ ಮಗುವಿಗೇ ನಷ್ಟ. ಆ ಭಯ ನನಗೂ ಇದೆ. ಆದರೂ ನನ್ನ ಆಯ್ಕೆ ಸ್ವೀಡನ್ನಿನದೇ. ದೊಡ್ಡವರಿಗೆ ಹೊಡೆದರೆ ಹಲ್ಲೆ ಅನ್ನುತ್ತೇವೆ. ಚಿಕ್ಕವರಿಗೆ ಮಾತ್ರ ಬೇರೆ ಹೆಸರೇಕೆ?