ಕಗ್ಗದ ತೌಡಿನ ಇ ವಿಟಮಿನ್: ಜಿಸಿ-ಎಂಎಸ್ಸೋ, ಎಲ್‌ಸಿ-ಎಂಎಸ್ಸೋ?

ಕುಮಟಾದ ಮಾಣಿಕಟ್ಟೆ ಕಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುತ್ತದಲ್ಲ, ಕಗ್ಗ ಭತ್ತ? ಅದರ ತೌಡಿನ ಎಣ್ಣೆಯಲ್ಲಿ ಇ ವಿಟಮಿನ್ನಿನ ಯಾವ ರೂಪಗಳಿವೆ ಎಂದು ತಿಳಿಯಲು ಒಂದೇ ಎಣ್ಣೆಯನ್ನು ಜಿಸಿ-ಎಂಎಸ್‌ನಲ್ಲೂ ಎಲ್‌ಸಿ-ಎಂಎಸ್‌ನಲ್ಲೂ ಓಡಿಸಿದೆ. ಎರಡೂ ಬೆರಕೆಯನ್ನು ಕಾಲಂ ಎಂಬ ಕೊಳವೆಯಲ್ಲಿ ಬೇರ್ಪಡಿಸಿ, ಅಣುಗಳನ್ನೂ ಅವುಗಳ ತುಣುಕುಗಳನ್ನೂ ತೂಗುವ ಯಂತ್ರಗಳು; ಜಿಸಿಯಲ್ಲಿ ಬೆರಕೆ ಆವಿಯಾಗಿ ಹರಿಯುತ್ತದೆ, ಎಲ್‌ಸಿಯಲ್ಲಿ ದ್ರವದಲ್ಲಿ. ರಚನೆ ಬಿಡಿಸಿ ನೋಡಬೇಕೆಂದರೆ ನನ್ನ ಮತ ಜಿಸಿಗೆ.

ಇ ವಿಟಮಿನ್ ಎಂದರೆ ಎಂಟು ಸಂಯುಕ್ತಗಳು: ನಾಲ್ಕು ಟೊಕೊಫೆರಾಲ್, ನಾಲ್ಕು ಟೊಕೊಟ್ರೈಎನಾಲ್. ಎಲ್ಲಕ್ಕೂ ಉಂಗುರದ ತಲೆ, ಉದ್ದನೆಯ ಬಾಲ. ತಲೆಯ ಮೇಲಿನ ಮೀಥೈಲ್ ಗುಂಪುಗಳ ಸಂಖ್ಯೆ ಮತ್ತು ಸ್ಥಾನ ಬೇರೆ; ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಎಂಬ ಹೆಸರು ಅದರಿಂದಲೇ. ಟೊಕೊಟ್ರೈಎನಾಲ್‌ನ ಬಾಲದಲ್ಲಿ ಮೂರು ದ್ವಿಬಂಧ.

ಜಿಸಿಗೆ ಮೊದಲು ಎಣ್ಣೆಯನ್ನು ಪೊಟ್ಯಾಶಿಯಂ ಹೈಡ್ರಾಕ್ಸೈಡ್‌ನಲ್ಲಿ ಕಾಯಿಸಿ ಸಾಬೂನು ಮಾಡಿ ಕೊಬ್ಬನ್ನು ತೆಗೆಯಬೇಕು. ವಿಟಮಿನ್ ಆಕ್ಸೀಕರಣಗೊಳ್ಳದಂತೆ ಜೊತೆಗೆ ಆಸ್ಕಾರ್ಬಿಕ್ ಆಮ್ಲ ಹಾಕಬೇಕು. ಆಮೇಲೆ ಸಿಲೈಲೀಕರಣ, ಅಂದರೆ ಅಣು ಸುಲಭವಾಗಿ ಆವಿಯಾಗಲೆಂದು ಅದಕ್ಕೆ ಸಿಲಿಕಾನ್ ಇರುವ ಗುಂಪೊಂದನ್ನು ಅಂಟಿಸುವುದು. ಅದರ ರಾಸಾಯನಿಕಕ್ಕೆ ತೇವ ತಾಗಿದರೆ ಕೆಟ್ಟಿತು. ನಮ್ಮ ಕರಾವಳಿಯ ಜೂನ್, ಜುಲೈ ಗಾಳಿಯಲ್ಲಿ ಬಾಟಲಿ ತೆರೆಯುವುದಕ್ಕೂ ಎಚ್ಚರ ಬೇಕು. ಇಷ್ಟು ಮಾಡಿದರೆ ಸಿಗುವ ಚಿತ್ರ ಮಾತ್ರ ಸೊಗಸು. ಯಂತ್ರದೊಳಗೆ ಎಲೆಕ್ಟ್ರಾನ್‌ಗಳು ಕೊಡುವ 70 ಎಲೆಕ್ಟ್ರಾನ್ ವೋಲ್ಟ್‌ನ ಹೊಡೆತಕ್ಕೆ ಆಲ್ಫಾ ಟೊಕೊಫೆರಾಲ್ 502ರ ತೂಕದಲ್ಲಿ (ಅಂಟಿಸಿದ ಗುಂಪಿನ 72 ಸೇರಿ) ತನ್ನ ಇಡೀ ಅಣುವನ್ನೂ 237ರಲ್ಲಿ ತಲೆಯ ತುಣುಕನ್ನೂ ತೋರಿಸುತ್ತದೆ. ಗಾಮಾದಲ್ಲಿ ಅದೇ ಜೋಡಿ 488 ಮತ್ತು 223. ಎರಡೂ ಕಡೆ 14ರ ಅಂತರ, ಅಂದರೆ ಒಂದು ಮೀಥೈಲ್ ಕಡಿಮೆ. ಅದೂ ಉಂಗುರದ ಮೇಲೇ. ಗಾಮಾ ಟೊಕೊಟ್ರೈಎನಾಲ್‌ನಲ್ಲಿ ಅಣು 482ಕ್ಕೆ ಇಳಿದರೂ ತುಣುಕು 223ರಲ್ಲೇ ನಿಲ್ಲುತ್ತದೆ. ಕಳೆದ ಆರು ಹೈಡ್ರೋಜನ್ ಬಾಲದ್ದು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕೇ? ತೌಡಿನಲ್ಲಿ ಹೇರಳವಾಗಿರುವ ಈ ರೂಪವನ್ನು ನಮ್ಮೂರ ಭತ್ತದಲ್ಲೇ ಕಂಡದ್ದು ನನಗೆ ದೊಡ್ಡ ಸಂತೋಷ.

ಎಲ್‌ಸಿಯಲ್ಲಿ ಎಣ್ಣೆಯನ್ನು ದ್ರಾವಕದಲ್ಲಿ ಕರಗಿಸಿ, ಸೋಸಿ ಹಾಕಿದರೆ ಆಯಿತು. ಇಲ್ಲಿ ಬಳಸುವ ಎಪಿಸಿಐ ಅಣುವನ್ನು ಹೆಚ್ಚು ಒಡೆಯದೆ ವಿದ್ಯುದಂಶ ಕೊಡುವ ಮೃದು ಅಯಾನೀಕರಣವಾದ್ದರಿಂದ ಆಲ್ಫಾ ಟೊಕೊಫೆರಾಲ್ ಮುಖ್ಯವಾಗಿ 431ರಲ್ಲಿ (ಅಣುವಿನ 430ಕ್ಕೆ ಒಂದು ಪ್ರೋಟಾನ್ ಸೇರಿ) ಕಾಣುತ್ತದೆ. ಅನಿಲಕ್ಕೆ ಡಿಕ್ಕಿ ಹೊಡೆಸಿದರೆ 165ರ ತುಣುಕು ಬರುತ್ತದೆ. ಗಾಮಾ ಟೊಕೊಟ್ರೈಎನಾಲ್‌ಗೆ 411, 151. ಪ್ರಮಾಣ ಅಳೆಯಲು, ಹಲವು ಮಾದರಿಗಳನ್ನು ಬೇಗ ಮುಗಿಸಲು ಇದೇ ಸರಿ. ತೌಡು ಬಲುಬೇಗ ಕಮಟುವುದರಿಂದ ಆ ವೇಗಕ್ಕೆ ಬೆಲೆಯೂ ಇದೆ.

ಬೀಟಾ, ಗಾಮಾಗಳ ವಿಷಯದಲ್ಲಿ ಎರಡು ಯಂತ್ರಕ್ಕೂ ಒಂದೇ ತೊಡಕು. ಎರಡರ ತೂಕ ಒಂದೇ, ತಲೆಯ ತುಣುಕಿನ ತೂಕವೂ ಒಂದೇ, ಮೀಥೈಲ್ ಕುಳಿತ ಜಾಗ ಮಾತ್ರ ಬೇರೆ. ಇವನ್ನು ಬೇರ್ಪಡಿಸುವುದು ಕಾಲಂನ ಕೆಲಸ. ಎಲ್‌ಸಿಯ ಮಾಮೂಲಿ ಸಿ-18 (18 ಕಾರ್ಬನ್ ಸರಪಳಿಯ ಹೊದಿಕೆಯ) ಕಾಲಂನಲ್ಲಿ ಅವು ಒಟ್ಟಿಗೇ ಇಳಿಯುತ್ತವೆ. ಸಿ-30 (30 ಕಾರ್ಬನ್ನಿನದು) ಅಥವಾ ಫ್ಲೋರಿನ್ ಇರುವ ಉಂಗುರಗಳ ಹೊದಿಕೆಯ ಪಿಎಫ್‌ಪಿ ಕಾಲಂ ಕೇಳಿ ಪಡೆಯಿರಿ, ಶುದ್ಧ ಸ್ಟ್ಯಾಂಡರ್ಡ್‌ಗಳನ್ನೂ ಜೊತೆಗೇ ಓಡಿಸಿ.