ಗ್ಲಾಕೋಮಾ ಆಪರೇಷನ್ ಆಗಿ 9 ವರ್ಷ: ನನ್ನ ಬಲಗಣ್ಣಿನ ವರದಿ

'ದೃಷ್ಟಿ ವಾಪಸ್ ಬಂತಾ?' ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ, ಬರೋದೂ ಇಲ್ಲ. ಗ್ಲಾಕೋಮಾ ಅಂದರೆ ಕಣ್ಣಿನ ನರ ನಿಧಾನಕ್ಕೆ ಹಾಳಾಗುವ ಕಾಯಿಲೆ, ಹೆಚ್ಚಾಗಿ ಕಣ್ಣೊಳಗಿನ ಒತ್ತಡದಿಂದ. ಅದರಲ್ಲಿ ಒಮ್ಮೆ ಸತ್ತ ನರದ ಎಳೆ ಮತ್ತೆ ಚಿಗುರುವುದಿಲ್ಲ. ನಾನು ಟ್ರಾಬೆಕ್ಯುಲೆಕ್ಟಮಿ ಅನ್ನೋ ಈ ಆಪರೇಷನ್ ಮಾಡಿಸಿಕೊಂಡದ್ದು ಉಳಿದಷ್ಟನ್ನು ಕಾಪಾಡಿಕೊಳ್ಳೋಕೆ. ಆ ಲೆಕ್ಕದಲ್ಲಿ ತೃಪ್ತಿ ಇದೆ.

ಆಗ ಮೂರು ಥರದ ಡ್ರಾಪ್ಸ್ ಹಾಕಿದರೂ ಕಣ್ಣೊಳಗಿನ ಒತ್ತಡ, ಅಂದರೆ ಪ್ರೆಶರ್, 28ರಿಂದ ಇಳಿಯುತ್ತಿರಲಿಲ್ಲ. ಸಾಮಾನ್ಯವಾಗಿ ಅದು 10ರಿಂದ 21ರೊಳಗೆ ಇರುತ್ತದೆ. ಈ ಆಪರೇಷನ್‌ನಲ್ಲಿ ಕಣ್ಣಿನ ಬಿಳಿಭಾಗದಲ್ಲಿ ಒಂದು ಸಣ್ಣ ಕಿಂಡಿ ಮಾಡುತ್ತಾರೆ. ಒಳಗಿನ ನೀರು ಅದರಿಂದ ಹೊರಬಂದು ಮೇಲಿನ ತೆಳು ಪದರದಡಿ ನಿಲ್ಲುತ್ತದೆ. ಕನ್ನಡಿ ಮುಂದೆ ಗದ್ದ ಎತ್ತಿ, ಮೇಲಿನ ರೆಪ್ಪೆ ಮೆಲ್ಲಗೆ ಸರಿಸಿದರೆ ಈಗಲೂ ಆ ಗುಳ್ಳೆ ಕಾಣುತ್ತದೆ. ಬೆಳ್ಳಗೆ, ನೀರು ತುಂಬಿದ ಬೊಬ್ಬೆ ಥರ. ಡಾಕ್ಟರು ಅದಕ್ಕೆ ಬ್ಲೆಬ್ ಅನ್ನುತ್ತಾರೆ. ಮೊದಮೊದಲು ನೋಡೋಕೇ ಭಯವಾಗುತ್ತಿತ್ತು.

ಗಾಯ ಮಾಯುವುದು ಒಳ್ಳೆಯದಲ್ವಾ? ಇಲ್ಲಿ ಉಲ್ಟಾ. ಪೂರ್ತಿ ಮಾಯ್ದರೆ ಕಿಂಡಿಯೇ ಮುಚ್ಚಿಹೋಗುತ್ತದೆ. ಅದಕ್ಕೇ ಆಪರೇಷನ್ ಹೊತ್ತಿನಲ್ಲೇ ಗಾಯ ಬೇಗ ಮಾಯದಂತೆ ತಡೆಯುವ ಮೈಟೋಮೈಸಿನ್ ಅನ್ನೋ ಔಷಧ ಹಚ್ಚಿದ್ದರು. ಆಮೇಲೂ ವಾರಗಟ್ಟಲೆ ಸ್ಟೀರಾಯ್ಡ್ ಡ್ರಾಪ್ಸ್, ಪದೇಪದೇ ಚೆಕಪ್. ಒಂದು ದಿನ ಪ್ರೆಶರ್ 5ಕ್ಕೆ ಬಿದ್ದು ಎಲ್ಲ ಮಂಜು ಮಂಜು. ಇನ್ನೊಂದು ದಿನ ಏರಿ, ನೀರು ಇನ್ನಷ್ಟು ಹರಿಯಲಿ ಅಂತ ಲೇಸರ್‌ನಿಂದ ಹೊಲಿಗೆ ಕತ್ತರಿಸಿದರು. ಆಪರೇಷನ್‌ಗಿಂತ ಈ ಎರಡು ತಿಂಗಳ ಪಾಡೇ ಜಾಸ್ತಿ.

ಆಮೇಲೆ ನಾಲ್ಕು ವರ್ಷ ಡ್ರಾಪ್ಸ್ ಇಲ್ಲದೆ 11, 12. ಐದನೇ ವರ್ಷ 19. ಸೂಜಿ ಹಾಕಿ, ನೀರಿನ ದಾರಿಗೆ ಅಡ್ಡಬಂದ ಗಾಯದ ಕಲೆ ಬಿಡಿಸಿದರು, ರಾತ್ರಿಗೆ ಒಂದು ಡ್ರಾಪ್ ಮತ್ತೆ ಶುರುವಾಯಿತು. ಈಗ 14. ಸುತ್ತಲೂ ಎಷ್ಟು ಕಾಣುತ್ತದೆ ಅಂತ ಅಳೆಯುವ ಫೀಲ್ಡ್ ಟೆಸ್ಟ್ ಹಾಳೆಯಲ್ಲಿ ಮೂಗಿನ ಕಡೆಯ ಕಪ್ಪು ಮಚ್ಚೆ ಅವತ್ತಿನಷ್ಟೇ ಇದೆ. ಎಲ್ಲರಿಗೂ ಹೀಗೇ ಆಗುತ್ತದೆ ಅಂತೇನಿಲ್ಲ. ಕೆಲವರಿಗೆ ಎರಡನೇ ಆಪರೇಷನ್ ಬೇಕಾಗುತ್ತದೆ.

ನನ್ನ ದೂರು ಒಂದೇ. ಈ ಆಪರೇಷನ್ ಆದ ಕಣ್ಣಿಗೆ ಪೊರೆ ಬೇಗ ಬರಬಹುದು ಅಂತ ಒತ್ತಿ ಹೇಳಿದವರಿಲ್ಲ. ಮೂರನೇ ವರ್ಷಕ್ಕೇ ಬಂತು, ಅದಕ್ಕೂ ಬೇರೆ ಆಪರೇಷನ್. ಇನ್ನು ಸೋಂಕಿನ ಭಯ ಇವತ್ತಿಗೂ ಹೋಗಿಲ್ಲ. ಕಣ್ಣು ಕೆಂಪಾದರೆ, ನೋವು ಬಂದರೆ ಅಥವಾ ಕೀವು ಕಂಡರೆ ಅವತ್ತೇ ಡಾಕ್ಟರ ಹತ್ತಿರ ಓಡಬೇಕು, ನಾಳೆ ನೋಡೋಣ ಅನ್ನೋ ಹಾಗಿಲ್ಲ. ಕಣ್ಣುಜ್ಜುವ ಚಟ ಬಿಟ್ಟಿದ್ದೂ ಇದರಿಂದಲೇ.

ಎಡಗಣ್ಣು ಇನ್ನೂ ಡ್ರಾಪ್ಸ್ ಮೇಲೇ ಇದೆ. ಅದಕ್ಕೂ ಬೇಕು ಅಂದರೆ ಮಾಡಿಸುತ್ತೇನೆ, ಆದರೆ ಪೊರೆಯ ಮಾತು ಮೊದಲೇ ಎತ್ತುತ್ತೇನೆ.