ಸಂದರ್ಶನದ ಮಾತನ್ನ ಯಾವ ಚಾಟ್‌ಬಾಟ್‌ಗೆ ಕೊಡ್ಬೋದು? ಮೂರು ದಾರಿ ಟ್ರೈ ಮಾಡಿದ್ದು

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಕೋರ್ಸ್) ಡಿಸರ್ಟೇಶನ್‌ಗೆ ಅಂತ ಮಂಡ್ಯ ಕಡೆ ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್ ಸಾಲ ಮಾಡಿರೋ 18 ಜನ ಹೆಂಗಸರನ್ನ ಮಾತಾಡಿಸ್ದೆ, ಬಲವಂತದ ವಸೂಲಿ ತಡೆಯೋಕೆ 2025ರ ಫೆಬ್ರವರಿಲಿ ಸರ್ಕಾರ ಸುಗ್ರೀವಾಜ್ಞೆ ತಂತಲ್ಲ, ಅದಾದ್ಮೇಲೆ ಅವ್ರ ದಿನ ಹೆಂಗಿದೆ ಅಂತ. ಟೈಪ್ ಮಾಡಿದ್ಮೇಲೆ 200 ಪುಟ ದಾಟ್ತು. ಕ್ಲಾಸಲ್ಲಿ ಎಲ್ರೂ ಎಐಗೆ ಹಾಕು, ಹತ್ತು ನಿಮಿಷದಲ್ಲಿ ಥೀಮ್ (ಮಾತುಗಳಲ್ಲಿ ಮತ್ತೆ ಮತ್ತೆ ಬರೋ ಮುಖ್ಯ ವಿಷಯ) ಬರುತ್ತೆ ಅಂದ್ರು. ಆದ್ರೆ ಆ ಅಕ್ಕಂದಿರು ನನ್ನನ್ನ ನಂಬಿ ಆಡಿದ ಮಾತದು, ಹಂಗೇ ಎತ್ತಿ ಹಾಕೋಕೆ ಮನಸ್ಸು ಒಪ್ಲಿಲ್ಲ. ಅದಕ್ಕೆ ಅವ್ರ ಮಾತಿನ ಧಾಟಿಲೇ ನಾನೇ ಎರಡು ಪುಟ ಕಲ್ಪಿಸಿ ಬರ್ದು, ಅದನ್ನ ಮೂರು ಕಡೆ ಹಾಕಿ ನೋಡ್ದೆ.

ಮೊದಲ್ನೇದು ಎಲ್ರೂ ಬಳಸೋ ಥರದ ಫ್ರೀ ಆನ್‌ಲೈನ್ ಚಾಟ್‌ಬಾಟ್. ಕನ್ನಡ ಚೆನ್ನಾಗೇ ಬರುತ್ತೆ, ಸ್ಪೀಡೂ ಇದೆ. ಆದ್ರೆ ‘ಸಂಘದೋರು ಬತ್ತಾರೆ ಅಂತ ಬಾಗ್ಲಾಕಂಡು ಒಳ್ಗೇ ಕುಂತಿದ್ದೆ’ ಅನ್ನೋ ಸಾಲಿಗೆ ಅದು ಕೊಟ್ಟ ಥೀಮ್ ‘ಮಹಿಳಾ ಸಂಘಟನೆಯ ಬೆಂಬಲ’! ನಮ್ ಕಡೆ ಸಂಘ ಅಂದ್ರೆ ಕಂತಿನ ಸಾಲ, ಸಂಘದೋರು ಅಂದ್ರೆ ವಸೂಲಿಗೆ ಬರೋರು. ಭಯ ಅಂತ ಬರೀಬೇಕಾದ ಕಡೆ ಬೆಂಬಲ ಅಂತ ಬಂತು, ಇದು ರಿಪೋರ್ಟಿಗೆ ಹೋಗಿದ್ರೆ ಆ ಹೆಂಗಸರಿಗೆ ನಾನು ಮಾಡಿದ ಅನ್ಯಾಯ ಆಗ್ತಿತ್ತು. ಈ ವಿಷಯದ ಮೇಲೆ ಐದು ಸಂಶೋಧನಾ ಪೇಪರ್ ಹೇಳು ಅಂದ್ರೆ ಲೇಖಕರ ಹೆಸರು, ಜರ್ನಲ್, ವರ್ಷ ಎಲ್ಲಾ ಕೊಡ್ತು, ಹುಡುಕಿದ್ರೆ ಎರಡು ಎಲ್ಲೂ ಸಿಗ್ಲಿಲ್ಲ. ನಮ್ ಮಾತನ್ನ ಎಐಗೆ ಕಲಿಸೋಕೆ (ಟ್ರೇನಿಂಗ್‌ಗೆ) ಬಳಸ್ಬೇಡ ಅಂತ ಸೆಟ್ಟಿಂಗಲ್ಲಿ ಆಫ್ ಮಾಡ್ಬೋದು ನಿಜ, ಆದ್ರೂ ಮಾತು ಬೇರೆಯವ್ರ ಸರ್ವರ್‌ಗೆ ಹೋಗೇ ಹೋಗುತ್ತೆ.

ಎರಡ್ನೇದು ನಾವು ಕೊಟ್ಟ ಫೈಲಿಂದ ಮಾತ್ರ ಉತ್ತರ ಹೇಳೋ ಟೂಲ್. ಓದೋ ಕೆಲ್ಸಕ್ಕೆ ಇದೇ ಬೆಸ್ಟ್. ಸುಗ್ರೀವಾಜ್ಞೆ ಪಿಡಿಎಫ್, ನಾನೇ ಡೌನ್‌ಲೋಡ್ ಮಾಡಿದ ಪೇಪರ್‌ಗಳು ಹಾಕ್ದೆ, ಯಾವ ಪುಟದಲ್ಲಿದೆ ಅಂತ ತೋರಿಸುತ್ತೆ, ಹೋಗಿ ಚೆಕ್ ಮಾಡ್ಬೋದು. ಆದ್ರೆ ಇದೂ ಆನ್‌ಲೈನೇ, ಸಂದರ್ಶನ ಹಾಕೋ ಜಾಗ ಅಲ್ಲ.

ಮೂರನೇದು ಓಲಾಮಾ (ಎಐ ಮಾಡೆಲನ್ನ ನಮ್ ಕಂಪ್ಯೂಟರಲ್ಲೇ ಓಡಿಸೋ ಸಾಫ್ಟ್‌ವೇರ್) ಹಾಕ್ಕೊಂಡು ಲ್ಯಾಪ್‌ಟಾಪಲ್ಲೇ ಓಡಿಸೋ ಸಣ್ಣ ಓಪನ್ ಮಾಡೆಲ್, ಅಂದ್ರೆ ಯಾರು ಬೇಕಾದ್ರೂ ಡೌನ್‌ಲೋಡ್ ಮಾಡ್ಕೋಬೋದಾದ ಎಐ. ವೈಫೈ ಆಫ್ ಮಾಡಿದ್ರೂ ಓಡುತ್ತೆ, ಮಾತು ಮನೆ ಬಿಟ್ಟು ಹೋಗಲ್ಲ. ನನ್ನ 8 ಜಿಬಿ ರ‍್ಯಾಮಲ್ಲಿ ನಿಧಾನ, ಕನ್ನಡ ತಡವರಿಸುತ್ತೆ, ಸಂಘದ ವಿಷಯದಲ್ಲಿ ಇದೂ ತಪ್ಪೇ ಹೇಳ್ತು. ಗುರುತು ಸಿಗೋ ವಿವರ ತೆಗಿ ಅಂದ್ರೆ ಹೆಸರು, ಊರು ತೆಗೀತು, ‘ಡೈರಿ ಸೆಕ್ರೆಟರಿ ನಾದಿನಿ’ ಅನ್ನೋದನ್ನ ಹಂಗೇ ಬಿಡ್ತು. ಊರಲ್ಲಿ ಹಾಲಿನ ಡೈರಿ ಇರೋದು ಒಂದೇ, ಸೆಕ್ರೆಟರಿನೂ ಒಬ್ರೇ, ಯಾರು ಅಂತ ಗೊತ್ತಾಗೋಕೆ ಇನ್ನೇನು ಬೇಕು? ನಿಜವಾದ ಸಂದರ್ಶನಗಳಲ್ಲಿ ಆ ಕೆಲ್ಸ ನಾನೇ ಸಾಲು ಸಾಲು ಓದಿ ಮಾಡ್ದೆ, ನಾಲ್ಕು ದಿನ ಹಿಡೀತು.

ಈಗ ಹಿಂಗೆ ಮಾಡ್ತಿದೀನಿ: ಪೇಪರ್ ಓದೋಕೆ ಎರಡ್ನೇದು, ನಾನು ಬರ್ದ ಇಂಗ್ಲಿಷ್ ತಿದ್ದೋಕೆ ಮೊದಲ್ನೇದು. ಕೋಡಿಂಗ್ (ಸಾಲು ಸಾಲಿಗೂ ಅದು ಯಾವ ವಿಷಯದ್ದು ಅಂತ ಗುರುತು ಹಾಕೋದು) ಮಾತ್ರ ಪ್ರಿಂಟ್ ತೆಗೆದು ಬಣ್ಣದ ಪೆನ್ನಲ್ಲಿ ಕೈಯಲ್ಲೇ, ಮುಗಿದ್ಮೇಲೆ ಏನಾದ್ರೂ ಬಿಟ್ಟೋಗಿದ್ಯಾ ಅಂತ ಲ್ಯಾಪ್‌ಟಾಪ್ ಮಾಡೆಲನ್ನ ಕೇಳ್ತೀನಿ. ಯಾವುದನ್ನ ಎಲ್ಲಿ ಬಳಸ್ದೆ ಅಂತ ಮೆಥಡ್ ಚಾಪ್ಟರಲ್ಲಿ ಬರ್ದಿದೀನಿ.

ಆದ್ರೆ ಲ್ಯಾಪ್‌ಟಾಪಿಗೆ ನಿಜವಾದ ಮಾತು ಹಾಕೋಕೂ ಮುಂಚೆ ಇನ್ನೊಂದು ಸಲ ಊರಿಗೆ ಹೋದೆ, ಯಾಕಂದ್ರೆ ಹಳೇ ಒಪ್ಪಿಗೆ ಪತ್ರದಲ್ಲಿ ಎಐ ಮಾತೇ ಇರ್ಲಿಲ್ಲ. ಕನ್ನಡದಲ್ಲಿ ಓದಿ ಹೇಳ್ದೆ. ಒಬ್ರು ‘ಅದು ಸಂಘದೋರ ಕಂಪ್ಯೂಟ್ರಿಗೆ ಸೇರ್ಕಳಲ್ವ ಮಗ?’ ಅಂತ ಕೇಳಿದ್ರು, ಇಲ್ಲ ಅಮ್ಮ ಇದ್ರಲ್ಲೇ ಇರುತ್ತೆ ಅಂತ ಲ್ಯಾಪ್‌ಟಾಪ್ ತೋರಿಸ್ದೆ. 16 ಜನ ಒಪ್ಪಿದ್ರು, ಇಬ್ರು ಬೇಡ ಅಂದ್ರು. ಆ ಇಬ್ರ ಫೈಲ್ ಬೇರೆ ಫೋಲ್ಡರಲ್ಲಿಟ್ಟು ಲಾಕ್ ಮಾಡಿದೀನಿ, ಅವ್ರದ್ದನ್ನ ಪ್ರಿಂಟಲ್ಲೇ ಓದ್ತೀನಿ.